ಒಂದು ಚಿಟಿಕೆ ತಾಮ್ರದ ಜಗಳ

1776ರಲ್ಲಿ ಇಟಲಿಯ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಅಲೆಸ್ಸಾಂಡ್ರೊ ವೋಲ್ಟಾ ಕೋಲಿನಿಂದ ಕಲಕಿದರು. ಮೇಲೆದ್ದ ಗುಳ್ಳೆಗಳನ್ನು ಹಿಡಿದಿಟ್ಟು ಕಿಡಿ ತಾಗಿಸಿದರೆ ಅವು ಹೊತ್ತಿಕೊಂಡವು. ನಾವಿಂದು ಮೀಥೇನ್ ಎನ್ನುವುದು ಆ ಗಾಳಿಯನ್ನೇ. ಅದನ್ನೇ ಉಂಡು ಬದುಕುವ ಜೀವಿಯೂ ಇದೆ ಎಂದು ತಿಳಿಯಲು ಮತ್ತೆ 130 ವರ್ಷ ಹಿಡಿಯಿತು. 1906ರಲ್ಲಿ ಡಚ್ ವಿಜ್ಞಾನಿ ಸೋಂಗೆನ್ ಅಂಥ ಬ್ಯಾಕ್ಟೀರಿಯವೊಂದನ್ನು ವರ್ಣಿಸಿದರು.

ಉಣ್ಣುವುದೇನೋ ಸರಿ, ಅರಗಿಸಿಕೊಳ್ಳುವುದು ಹೇಗೆ? ಮೀಥೇನ್ ಸುಲಭಕ್ಕೆ ಬಗ್ಗುವ ಅಣುವಲ್ಲ. ಕಾರ್ಖಾನೆಗಳಲ್ಲಿ ಅದನ್ನು ಒಡೆಯಲು ನೂರಾರು ಡಿಗ್ರಿ ಶಾಖ ಬೇಕು. ಈ ಬ್ಯಾಕ್ಟೀರಿಯಗಳಾದರೋ ಕೆಸರಿನ ತಂಪಿನಲ್ಲೇ ಅದನ್ನು ಮೆಥನಾಲ್ ಮಾಡಿಬಿಡುತ್ತವೆ. ಇದನ್ನು ಮಾಡುವ ಕಿಣ್ವದ ಹುಡುಕಾಟ 1970ರ ದಶಕದ ಇಂಗ್ಲೆಂಡಿನಲ್ಲಿ ವಿವಾದಕ್ಕೆ ತಿರುಗಿತು.

ಕಿಣ್ವವು ಕೋಶದ ಪೊರೆಗೆ ಅಂಟಿಕೊಂಡಿದೆ ಎಂದರು ಕೆಂಟ್ ವಿಶ್ವವಿದ್ಯಾಲಯದವರು. ಇಲ್ಲ, ಅದು ಕೋಶದೊಳಗಿನ ದ್ರವದಲ್ಲಿ ಕರಗಿದೆ ಎಂದಿತು ವಾರ್ವಿಕ್‌ನ ಹೊವರ್ಡ್ ಡಾಲ್ಟನ್ ತಂಡ. ಇವರ ಬ್ಯಾಕ್ಟೀರಿಯ ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಯಿಂದ ಬಂದದ್ದು, ಅವರದು ಬೇರೆ ಜಾತಿಯದು. ವ್ಯತ್ಯಾಸಕ್ಕೆ ಕಾರಣ ಅಷ್ಟೇ ಎನ್ನಬಹುದಿತ್ತು. ಆದರೆ ಕೆಂಟ್‌ನವರ ಜಾತಿಯನ್ನೇ ವಾರ್ವಿಕ್‌ನಲ್ಲಿ ಬೆಳೆಸಿದಾಗಲೂ ಉತ್ತರ ಬೇರೆಯೇ ಬಂತು. ಹಾಗಾದರೆ ತಪ್ಪು ಯಾರದು?

ಯಾರದೂ ಅಲ್ಲ ಎಂದು 1983ರಲ್ಲಿ ಡಾಲ್ಟನ್ ತಂಡವೇ ತೋರಿಸಿಕೊಟ್ಟಿತು. ಬೆಳೆಸುವ ದ್ರವದಲ್ಲಿ ತಾಮ್ರ ಸಾಕಷ್ಟಿದ್ದರೆ ಬ್ಯಾಕ್ಟೀರಿಯ ಪೊರೆಯ ಕಿಣ್ವವನ್ನು ಕಟ್ಟುತ್ತದೆ. ತಾಮ್ರ ಸಾಲದಿದ್ದರೆ, ಕಬ್ಬಿಣದಿಂದ ನಡೆಯುವ ಇನ್ನೊಂದು ಕಿಣ್ವಕ್ಕೆ ಹೊರಳುತ್ತದೆ. ಇಬ್ಬರೂ ಕಂಡದ್ದು ನಿಜ. ನಡುವೆ ಜಗಳ ಹಚ್ಚಿದ್ದು ಒಂದು ಚಿಟಿಕೆ ತಾಮ್ರ.

ಆ ತಾಮ್ರವನ್ನು ಬ್ಯಾಕ್ಟೀರಿಯ ತರುವುದಾದರೂ ಎಲ್ಲಿಂದ? ಅದು ಕೆಸರಿನಲ್ಲಿ ವಿರಳ, ಹೆಚ್ಚಾದರೆ ವಿಷ. ಈ ಬ್ಯಾಕ್ಟೀರಿಯ ಒಂದು ಪುಟ್ಟ ಪೆಪ್ಟೈಡನ್ನು ಹೊರಗೆ ಬಿಟ್ಟು, ತಾಮ್ರವನ್ನು ಹಿಡಿಸಿ, ಮತ್ತೆ ಒಳಗೆ ಕರೆದುಕೊಳ್ಳುತ್ತದೆ. ಅದರ ಹೆಸರು ಮೆಥನೋಬ್ಯಾಕ್ಟಿನ್. ಅಮೆರಿಕದ ಸಂಶೋಧಕರು 2004ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದರಲ್ಲೂ ಒಂದು ಭಾಗ ತಪ್ಪಿತ್ತು, 2008ರಲ್ಲಿ ತಿದ್ದಲಾಯಿತು. ಎರಡು ಸಾರಜನಕ, ಎರಡು ಗಂಧಕದ ಪರಮಾಣುಗಳು ಸೇರಿ ಒಂದು ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತವೆ.

ಈ ಬಿಗಿ ಹಿಡಿತ ವೈದ್ಯರ ಕಣ್ಣಿಗೂ ಬಿತ್ತು. 1912ರಲ್ಲಿ ಕಿನಿಯರ್ ವಿಲ್ಸನ್ ವರ್ಣಿಸಿದ ಆನುವಂಶಿಕ ಕಾಯಿಲೆಯಲ್ಲಿ ತಾಮ್ರವು ದೇಹದಿಂದ ಹೊರಹೋಗದೆ ಯಕೃತ್ತು, ಮಿದುಳುಗಳಲ್ಲಿ ಶೇಖರವಾಗುತ್ತದೆ. ಅದೇ ಬಗೆಯ ದೋಷವಿರುವ ಇಲಿಗಳಿಗೆ ಮೆಥನೋಬ್ಯಾಕ್ಟಿನ್ ಕೊಟ್ಟಾಗ, ಕೆಡುತ್ತಿದ್ದ ಯಕೃತ್ತು ಚೇತರಿಸಿಕೊಂಡಿತೆಂದು 2016ರಲ್ಲಿ ಮ್ಯೂನಿಕ್‌ನ ಸಂಶೋಧಕರ ನೇತೃತ್ವದ ಅಧ್ಯಯನ ವರದಿ ಮಾಡಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರದ್ದು, ನಿಜ. ಆದರೆ ಆ ದಾರಿ ಶುರುವಾದದ್ದು, ಎದುರಾಳಿಯ ಫಲಿತಾಂಶವನ್ನು ಸುಳ್ಳೆಂದು ತಳ್ಳಿಹಾಕದೆ, ಬೆಳೆಸಿದ ದ್ರವದಲ್ಲಿ ಏನಿತ್ತು ಎಂದು ಮತ್ತೊಮ್ಮೆ ನೋಡಿದವರಿಂದ.