ಸಂತಾನ ಚಿಕಿತ್ಸೆಯಲ್ಲಿ ವಂಚನೆ: ಕಾನೂನಿನ ಇತಿಹಾಸ

ಮಕ್ಕಳಿಲ್ಲದ ಕೊರಗು ಹೊತ್ತು ಬಂದವರಿಗೆ ತಿಳಿಸದೆ ವೈದ್ಯನು ತನ್ನದೇ ವೀರ್ಯವನ್ನು, ಅಥವಾ ಅವರು ಒಪ್ಪಿರದ ಮತ್ತೊಬ್ಬರ ವೀರ್ಯ, ಅಂಡಾಣು, ಭ್ರೂಣಗಳನ್ನು ಬಳಸುವುದೇ ಸಂತಾನ ಚಿಕಿತ್ಸೆಯ ವಂಚನೆ. ಈ ಕೃತ್ಯ ಹಳೆಯದು. ಅದನ್ನು ಹೆಸರಿಟ್ಟು ಅಪರಾಧವೆಂದ ಕಾನೂನುಗಳಲ್ಲಿ ಹೆಚ್ಚಿನವು 2019ರಿಂದ ಈಚಿನವು.

ದಾನಿಯ ವೀರ್ಯದಿಂದ ಆದ ಕೃತಕ ಗರ್ಭಧಾರಣೆಯ ಮೊದಲ ದಾಖಲೆಯೇ ಸಮ್ಮತಿ ಇಲ್ಲದ್ದು. 1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ವಿಲಿಯಂ ಪ್ಯಾನ್‌ಕೋಸ್ಟ್ ಎಂಬ ವೈದ್ಯರು ಮಹಿಳೆಯೊಬ್ಬರಿಗೆ ಕ್ಲೋರೋಫಾರಂ ಕೊಟ್ಟು, ವಿದ್ಯಾರ್ಥಿಯೊಬ್ಬನ ವೀರ್ಯವನ್ನು ಗರ್ಭಕ್ಕೆ ಸೇರಿಸಿದರು. ಗಂಡನಿಗೆ ಆಮೇಲೆ ಹೇಳಿದರು, ಹೆಂಡತಿಗೆ ಹೇಳಲೇ ಇಲ್ಲ. ಸಂಗತಿ ಹೊರಬಿದ್ದದ್ದು 1909ರಲ್ಲಿ, ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಪತ್ರದಿಂದ. ಮುಂದೆ ಹಲವು ದಶಕ ಈ ಚಿಕಿತ್ಸೆ ಗುಟ್ಟಿನಲ್ಲೇ ನಡೆಯಿತು. ದಾನಿ ಯಾರೆಂದು ಬರೆದಿಡದಿರುವುದು, ಮಗುವಿಗೆ ಹೇಳಬೇಡಿ ಎನ್ನುವುದು ವಾಡಿಕೆಯಾಗಿತ್ತು. ಕುಟುಂಬದ ಮಾನ ಕಾಯಲೆಂದು ಬೆಳೆದ ಆ ಮೌನ ವಂಚಕ ವೈದ್ಯನಿಗೇ ಆಸರೆಯಾಯಿತು.

ನ್ಯಾಯಾಲಯದವರೆಗೆ ಬಂದ ಮೊದಮೊದಲ ದೊಡ್ಡ ಪ್ರಕರಣ ಅಮೆರಿಕದ ವರ್ಜೀನಿಯಾದ ವೈದ್ಯ ಸೆಸಿಲ್ ಜೇಕಬ್‌ಸನ್‌ನದು. ಅವನ ವೀರ್ಯದಿಂದ ಹುಟ್ಟಿದ ಮಕ್ಕಳು 75ರಷ್ಟು ಇರಬಹುದೆಂದು ಸರ್ಕಾರಿ ವಕೀಲರು ಶಂಕಿಸಿದ್ದರು. ಆದರೆ ಆ ಕೃತ್ಯಕ್ಕೆ ತಕ್ಕ ಕಾನೂನೇ ಇರಲಿಲ್ಲ. ಅಂಚೆ ಮತ್ತು ದೂರವಾಣಿ ಮೂಲಕ ಮೋಸ, ಸುಳ್ಳು ಸಾಕ್ಷ್ಯ ಮುಂತಾದ ಆರೋಪಗಳನ್ನು ಹೊರಿಸಬೇಕಾಯಿತು. 1992ರಲ್ಲಿ 52 ಆರೋಪಗಳು ಸಾಬೀತಾಗಿ 5 ವರ್ಷ ಸೆರೆಯಾಯಿತು. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಮಹಿಳೆಯರ ಅಂಡಾಣು, ಭ್ರೂಣಗಳನ್ನು ಅವರನ್ನು ಕೇಳದೆ ಬೇರೆಯವರಿಗೆ ಕೊಟ್ಟದ್ದು 1995ರಲ್ಲಿ ಬಯಲಾದಾಗ, ಆ ರಾಜ್ಯ ಮರುವರ್ಷವೇ ಅದನ್ನು ಅಪರಾಧವಾಗಿಸಿತು. ಬೇರೆ ರಾಜ್ಯಗಳು ಎರಡು ದಶಕ ಸುಮ್ಮನಿದ್ದವು.

ಆ ಸುಮ್ಮನಿರುವಿಕೆಯನ್ನು ಮುರಿದವರು ಮಕ್ಕಳೇ. ಮನೆಯಲ್ಲೇ ಎಂಜಲು ತೆಗೆದು ಕಳಿಸುವ ಡಿಎನ್‌ಎ ಪರೀಕ್ಷೆ ಅಗ್ಗವಾದ ಮೇಲೆ, 2014ರ ಸುಮಾರಿಗೆ ಇಂಡಿಯಾನಾ ರಾಜ್ಯದ ಒಬ್ಬ ಮಹಿಳೆಗೆ ಗೊತ್ತೇ ಇಲ್ಲದ ಒಡಹುಟ್ಟಿದವರು ಒಬ್ಬೊಬ್ಬರಾಗಿ ಸಿಗತೊಡಗಿದರು. ಎಲ್ಲರ ತಾಯಂದಿರೂ ಇಂಡಿಯಾನಾಪೊಲಿಸ್‌ನ ಡೊನಾಲ್ಡ್ ಕ್ಲೈನ್ ಬಳಿ ಚಿಕಿತ್ಸೆ ಪಡೆದವರು. ದಾನಿಗಳು ವೈದ್ಯ ವಿದ್ಯಾರ್ಥಿಗಳೆಂದು ಅವನು ನಂಬಿಸಿದ್ದ; ಬಳಸಿದ್ದು ತನ್ನದೇ ವೀರ್ಯ. ಹೀಗೆ ಸಿಕ್ಕ ಒಡಹುಟ್ಟುಗಳ ಸಂಖ್ಯೆ ಮುಂದೆ 90 ದಾಟಿತು. ತಾಯಂದಿರು ಚಿಕಿತ್ಸೆಗೆ ಒಪ್ಪಿದ್ದರಾದ್ದರಿಂದ ಅತ್ಯಾಚಾರದ ಕಾನೂನು ಅನ್ವಯಿಸದು ಎಂಬ ನಿಲುವು ಎದುರಾಯಿತು. ಕೊನೆಗೆ ಉಳಿದದ್ದು ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿ ನ್ಯಾಯಕ್ಕೆ ಅಡ್ಡಿಪಡಿಸಿದ ಆರೋಪ ಮಾತ್ರ. 2017ರ ಡಿಸೆಂಬರ್‌ನಲ್ಲಿ ಕ್ಲೈನ್ ತಪ್ಪೊಪ್ಪಿಕೊಂಡ. ಒಂದು ವರ್ಷದ ಶಿಕ್ಷೆ ಅಮಾನತಾಯಿತು, 500 ಡಾಲರ್ ದಂಡವಾಯಿತು. ಅವನು ಒಂದು ದಿನವೂ ಜೈಲು ಕಾಣಲಿಲ್ಲ.

ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯನ್ನು ವೈದ್ಯನ ವೀರ್ಯಕ್ಕೂ ಕೊಟ್ಟ ಒಪ್ಪಿಗೆಯೆಂದು ಎಣಿಸುವುದು ಅನ್ಯಾಯ. ಸಂತ್ರಸ್ತರು ಶಾಸನಸಭೆಯ ಮೆಟ್ಟಿಲು ಹತ್ತಿ ಹೇಳಿದ್ದು ಇದನ್ನೇ. ಕಾನೂನು ಪ್ರಾಧ್ಯಾಪಕಿ ಜೋಡಿ ಮದೀರಾ ಈ ಸಂತ್ರಸ್ತರ ಬೆನ್ನಿಗೆ ನಿಂತರು. 2019ರಲ್ಲಿ ಇಂಡಿಯಾನಾ ಈ ವಂಚನೆಯನ್ನು ಅಪರಾಧವೆಂದು ಘೋಷಿಸಿತಲ್ಲದೆ, ತಾಯಿ, ಆಕೆಯ ಗಂಡ ಮತ್ತು ಹುಟ್ಟಿದ ಮಗು ಪರಿಹಾರಕ್ಕೆ ದಾವೆ ಹೂಡುವ ಹಕ್ಕನ್ನೂ ಕೊಟ್ಟಿತು. ಡಿಎನ್‌ಎ ಪರೀಕ್ಷೆಯಿಂದ ಸತ್ಯ ತಿಳಿದ ಮೇಲೆ 5 ವರ್ಷದೊಳಗೆ ದಾವೆ ಹೂಡಬಹುದು. ಈ ವಂಚನೆ ಗೊತ್ತಾಗುವುದೇ ಮಗು ಬೆಳೆದು ದೊಡ್ಡದಾದ ಮೇಲೆ ಆದ್ದರಿಂದ, ಕಾಲಮಿತಿಯ ಈ ಅಂಶವೇ ಕಾಯ್ದೆಯ ಜೀವಾಳ. ಅದೇ ವರ್ಷ ಟೆಕ್ಸಾಸ್ ಇನ್ನೂ ಮುಂದೆ ಹೋಗಿ, ಮಹಿಳೆ ಒಪ್ಪಿರದ ದಾನಿಯ ವೀರ್ಯ ಬಳಸುವುದನ್ನು ಲೈಂಗಿಕ ದೌರ್ಜನ್ಯದ ಸಾಲಿಗೆ ಸೇರಿಸಿತು. 2020ರಲ್ಲಿ ಕೊಲರಾಡೊ, ಫ್ಲಾರಿಡಾ, ಅನಂತರ ಹಲವು ರಾಜ್ಯಗಳು ಕಾಯ್ದೆ ತಂದವು.

ನೆದರ್ಲೆಂಡ್ಸ್‌ನಲ್ಲಿ ಇಂಥದೇ ಆರೋಪ ಹೊತ್ತಿದ್ದ ವೈದ್ಯ ಯಾನ್ ಕಾರ್ಬಾಟ್ 2017ರಲ್ಲಿ ತೀರಿಕೊಂಡ ಮೇಲೆ ನ್ಯಾಯಾಲಯ ಡಿಎನ್‌ಎ ಹೋಲಿಕೆಗೆ ಅನುಮತಿ ಕೊಟ್ಟಿತು. 49 ಮಂದಿಗೆ ಅವನೇ ತಂದೆಯೆಂದು 2019ರಲ್ಲಿ ಖಚಿತವಾಯಿತು. ಶಿಕ್ಷೆಗೆ ವ್ಯಕ್ತಿಯೇ ಉಳಿದಿರಲಿಲ್ಲ.

ಭಾರತದಲ್ಲಿ ಈ ಚಿಕಿತ್ಸೆಯ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಂದ 2005ರ ಮಾರ್ಗಸೂಚಿಗೆ ಕಾನೂನಿನ ಬಲವಿರಲಿಲ್ಲ. 2022ರ ಜನವರಿ 25ರಂದು ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಲಿಖಿತ ಸಮ್ಮತಿಯನ್ನು ಕಡ್ಡಾಯ ಮಾಡಿತು. ಒಬ್ಬ ದಾನಿಯ ವೀರ್ಯ ಅಥವಾ ಅಂಡಾಣು ಒಂದಕ್ಕಿಂತ ಹೆಚ್ಚು ದಂಪತಿಗೆ ಹೋಗುವಂತಿಲ್ಲ. ದಂಪತಿಯನ್ನು, ದಾನಿಯನ್ನು ಶೋಷಿಸಿದರೆ ಮೊದಲ ಸಲ 5ರಿಂದ 10 ಲಕ್ಷ ರೂಪಾಯಿ ದಂಡ, ಮತ್ತೆ ತಪ್ಪಿದರೆ 3ರಿಂದ 8 ವರ್ಷ ಸೆರೆ. ಆದರೆ ವೈದ್ಯನೇ ಗುಟ್ಟಾಗಿ ದಾನಿಯಾಗುವುದನ್ನು ಪ್ರತ್ಯೇಕ ಅಪರಾಧವೆಂದು ಅದು ಹೆಸರಿಸಿಲ್ಲ. ಈ ಕಾಯ್ದೆಗೆ ಮೊದಲಿನ ಪ್ರಕರಣವೊಂದು ಗ್ರಾಹಕ ಕಾನೂನಿನ ಆಸರೆ ಪಡೆಯಬೇಕಾಯಿತು. ದೆಹಲಿಯ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆದ ದಂಪತಿಗೆ 2009ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ರಕ್ತದ ಗುಂಪು ತಾಳೆಯಾಗದೆ ಡಿಎನ್‌ಎ ಪರೀಕ್ಷೆ ಮಾಡಿಸಿದಾಗ, ತಂದೆಯ ವೀರ್ಯದ ಬದಲು ಬೇರೆಯವರದ್ದು ಬಳಕೆಯಾಗಿದ್ದು ತಿಳಿಯಿತು. ರಾಷ್ಟ್ರೀಯ ಗ್ರಾಹಕ ಆಯೋಗ ಸುಮಾರು 1.5 ಕೋಟಿ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು 2023ರ ಜೂನ್‌ನಲ್ಲಿ. ಆ ಹೊತ್ತಿಗೆ ಮಕ್ಕಳಿಗೆ 14 ವರ್ಷ.