ನೈಟ್ರಸ್ ಬಾಟಲಿಯ ಹೀಟರ್: ದೋಷಪತ್ತೆಯ ಕ್ರಮ

ನಗೆಅನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡ್ ವೈದ್ಯರಿಗೆ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಪರಿಚಿತ. ಕಾಲು ಮೈಲಿಯ ಡ್ರ್ಯಾಗ್ ರೇಸಿನಲ್ಲಿ ತೊಡಗಿದವರಿಗೆ ಕಾರಿನ ಡಿಕ್ಕಿಯಲ್ಲಿ ಪರಿಚಿತ. ಎರಡೂ ಕಡೆ ಅದು ಬಾಟಲಿಯೊಳಗೆ ಇರುವ ರೀತಿ ಒಂದೇ: ಕೆಳಗೆ ದ್ರವ, ಮೇಲೆ ಅನಿಲ. ಎಂಜಿನ್ನಿನ ಶಾಖಕ್ಕೆ ಈ ಅನಿಲ ವಿಭಜನೆಗೊಂಡು ಹೆಚ್ಚುವರಿ ಆಮ್ಲಜನಕವನ್ನು ಒದಗಿಸುತ್ತದೆ. ಅದಕ್ಕೆ ತಕ್ಕಂತೆ ಹೆಚ್ಚು ಪೆಟ್ರೋಲನ್ನು ಉರಿಸಿ ಶಕ್ತಿ ಪಡೆಯಬಹುದು. ಬಾಟಲಿಯನ್ನು ಬೆಚ್ಚಗಿಡುವ ಹೀಟರ್ ಕೆಟ್ಟಾಗ ಏನನ್ನು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೀಟರ್ ಏಕೆ ಬೇಕು?

ಬಾಟಲಿಯಲ್ಲಿ ದ್ರವ ಉಳಿದಿರುವವರೆಗೆ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ ಸುಮಾರು 450 ಪಿಎಸ್ಐ, 20 ಡಿಗ್ರಿಯಲ್ಲಿ ಸುಮಾರು 735, 30 ಡಿಗ್ರಿಯಲ್ಲಿ ಸುಮಾರು 915. ಕಾರಿನ ನೈಟ್ರಸ್ ವ್ಯವಸ್ಥೆಗಳನ್ನು ಸಾಮಾನ್ಯವಾಗಿ 900ರಿಂದ 950 ಪಿಎಸ್ಐ ಒತ್ತಡಕ್ಕೆ ಹೊಂದಿಸಿರುತ್ತಾರೆ. ಒತ್ತಡ ಇದಕ್ಕಿಂತ ಇಳಿದರೆ ನೈಟ್ರಸ್ ಕಡಿಮೆ ಹರಿದು, ಪೆಟ್ರೋಲಿನ ಪಾಲು ಹೆಚ್ಚಾಗಿ, ಶಕ್ತಿ ಕುಂದುತ್ತದೆ. ಏರಿದರೆ ಪೆಟ್ರೋಲು ಸಾಲದೆ ಎಂಜಿನ್ ವಿಪರೀತ ಕಾದು ಪಿಸ್ಟನ್ ಕರಗಬಹುದು.

ಹೀಟರ್ ಬಿಸಿಯಾಗದಿದ್ದರೆ

ಮೊದಲು ಒತ್ತಡಮಾಪಕವನ್ನು ನೋಡಬೇಕು. ನಿಗದಿತ ಒತ್ತಡ ಈಗಾಗಲೇ ಬಂದಿದ್ದರೆ ಒತ್ತಡದ ಸ್ವಿಚ್ ಹೀಟರನ್ನು ಆರಿಸಿರುತ್ತದೆ, ಅದು ದೋಷವಲ್ಲ. ಒತ್ತಡ ಕಡಿಮೆಯಿದ್ದೂ ಹೀಟರ್ ತಣ್ಣಗಿದ್ದರೆ ಫ್ಯೂಸ್, ರಿಲೇ, ತಂತಿಗಳು, ಕೊನೆಗೆ ಹೀಟರ್ ಎಂಬ ಕ್ರಮದಲ್ಲಿ ಸಾಗಬೇಕು.

12 ವೋಲ್ಟಿನಲ್ಲಿ 240 ವ್ಯಾಟ್ ಶಾಖ ನೀಡುವ ಹೀಟರ್ 20 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. ಇಷ್ಟು ಪ್ರವಾಹಕ್ಕೆ ಸಡಿಲವಾದ ಅಥವಾ ತುಕ್ಕು ಹಿಡಿದ ಒಂದು ಜೋಡಣೆಯೂ ದೊಡ್ಡ ಅಡ್ಡಿ. ಆದ್ದರಿಂದ ವೋಲ್ಟೇಜನ್ನು ಹೀಟರ್ ಚಾಲನೆಯಲ್ಲಿರುವಾಗಲೇ, ಅದರ ತುದಿಗಳಲ್ಲಿ ಅಳೆಯಬೇಕು. ಪ್ರವಾಹವಿಲ್ಲದಾಗ ಕೆಟ್ಟ ಜೋಡಣೆಯೂ ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ. 12 ವೋಲ್ಟಿನ ಬದಲು 10 ಮಾತ್ರ ತಲುಪಿದರೆ ಶಾಖ ಸುಮಾರು ಶೇಕಡಾ 30ರಷ್ಟು ಕಡಿಮೆಯಾಗುತ್ತದೆ. ಅಂಥಲ್ಲಿ ಅರ್ತ್ ಸಂಪರ್ಕವನ್ನೂ ತಂತಿಯ ದಪ್ಪವನ್ನೂ ನೋಡಬೇಕು. ವೋಲ್ಟೇಜ್ ಸರಿಯಿದ್ದರೆ ಹೀಟರನ್ನು ಬಿಡಿಸಿ ರೋಧವನ್ನು ಅಳೆಯಬೇಕು. ಮೇಲಿನ ಉದಾಹರಣೆಯ ಹೀಟರಿಗೆ ಅದು ಸುಮಾರು 0.6 ಓಮ್ ಇರಬೇಕು; ಅನಂತವೆಂದು ತೋರಿದರೆ ಒಳಗಿನ ತಂತಿ ತುಂಡಾಗಿದೆ. ಅದನ್ನು ಬೆಸೆಯದೆ ಹೀಟರನ್ನೇ ಬದಲಿಸಬೇಕು.

ಬಿಸಿಯಾದರೂ ಒತ್ತಡ ಏರದಿದ್ದರೆ

ಇಲ್ಲಿ ಅರಿವಳಿಕೆ ತಜ್ಞರು ಮೊದಲಿಗೇ ಕಲಿಯುವ ಪಾಠ ನೆರವಾಗುತ್ತದೆ. ನೈಟ್ರಸ್ ಸಿಲಿಂಡರಿನ ಒತ್ತಡಮಾಪಕ ಎಷ್ಟು ಅನಿಲ ಉಳಿದಿದೆಯೆಂದು ಹೇಳುವುದಿಲ್ಲ. ಉಷ್ಣತೆ ಬದಲಾಗದಿದ್ದರೆ, ದ್ರವದ ಕೊನೆಯ ಹನಿಯವರೆಗೂ ಮುಳ್ಳು ಬಹುತೇಕ ನಿಂತಲ್ಲೇ ನಿಂತಿದ್ದು, ಆಮೇಲೆ ಸರ್ರನೆ ಇಳಿಯುತ್ತದೆ. ಉಳಿದಿರುವುದನ್ನು ತಿಳಿಯಲು ಬಾಟಲಿಯನ್ನು ತೂಗಿ, ಖಾಲಿ ಬಾಟಲಿಯ ತೂಕವನ್ನು ಕಳೆಯಬೇಕು. ದ್ರವ ಮುಗಿದಿದ್ದರೆ ಎಷ್ಟು ಬಿಸಿ ಮಾಡಿದರೂ ಪ್ರಯೋಜನವಿಲ್ಲ. ದ್ರವವಿದ್ದೂ ಒತ್ತಡ ಏರದಿದ್ದರೆ ಹೀಟರ್ ಬಾಟಲಿಗೆ ಬಿಗಿಯಾಗಿ ಅಂಟಿದೆಯೇ, ತಣ್ಣನೆಯ ಗಾಳಿ ಬೀಸುತ್ತಿದೆಯೇ, ಮಾಪಕ ಸರಿಯಿದೆಯೇ ಎಂಬುದನ್ನು ನೋಡಬೇಕು.

ಹೀಟರ್ ನಿಲ್ಲದೇ ಹೋದರೆ

ಬಿಸಿಯಾಗದ ಹೀಟರಿನಿಂದ ಒಂದು ಓಟ ಹಾಳಾಗಬಹುದು. ನಿಲ್ಲದ ಹೀಟರಿನಿಂದ ಜೀವಕ್ಕೇ ಅಪಾಯ. ಇದಕ್ಕೆ ಎರಡು ಮುಖ್ಯ ಕಾರಣಗಳಿವೆ. ಒಂದು, ರಿಲೇಯ ಒಳಸಂಪರ್ಕಗಳು ಬೆಸೆದುಕೊಂಡಿರುವುದು. ರಿಲೇಯ ನಿಯಂತ್ರಣ ತಂತಿಯನ್ನು ಬಿಡಿಸಿದರೂ ಹೀಟರ್ ಆರದಿದ್ದರೆ ದೋಷ ಇದೇ. ಇನ್ನೊಂದು ಕಣ್ಣಿಗೆ ಬೀಳದಂಥದು: ಒತ್ತಡದ ಸ್ವಿಚ್ ಕವಾಟದ ಆಚೆ, ಎಂಜಿನ್ನಿಗೆ ಹೋಗುವ ಕೊಳವೆಯಲ್ಲಿದ್ದು, ಬಾಟಲಿಯ ಕವಾಟ ಮುಚ್ಚಿರುವುದು. ಆಗ ಸ್ವಿಚ್ಚಿಗೆ ಖಾಲಿ ಕೊಳವೆಯ ಒತ್ತಡ ಮಾತ್ರ ತಿಳಿಯುತ್ತದೆ; ಯಾವ ಭಾಗವೂ ಕೆಡದೆಯೇ ಹೀಟರ್ ಮಿತಿಯಿಲ್ಲದೆ ಕಾಯಿಸುತ್ತಲೇ ಇರುತ್ತದೆ.

ನೈಟ್ರಸ್ ಆಕ್ಸೈಡ್ 36.4 ಡಿಗ್ರಿ ಸೆಲ್ಸಿಯಸ್ ಮೀರಿದರೆ, ಎಷ್ಟೇ ಒತ್ತಿದರೂ ದ್ರವವಾಗಿ ಉಳಿಯಲಾರದು. ಇದು ನಮ್ಮ ದೇಹದ ಉಷ್ಣತೆಗಿಂತಲೂ ತುಸು ಕಡಿಮೆ. ಅತಿಯಾಗಿ ತುಂಬಿದ ಬಾಟಲಿಯಲ್ಲಿ ಇದಕ್ಕೆ ಮೊದಲೇ ದ್ರವ ಹಿಗ್ಗಿ ಜಾಗವನ್ನೆಲ್ಲ ಆವರಿಸಿ, ಒತ್ತಡ ಕಡಿದಾಗಿ ಏರುತ್ತದೆ. ಕವಾಟದಲ್ಲಿರುವ ಸುರಕ್ಷಾ ಬಿಲ್ಲೆ ಒಡೆದು ಅನಿಲವನ್ನು ಹೊರಬಿಡುವುದು ಕೊನೆಯ ರಕ್ಷಣೆ. ಅದನ್ನು ನಿಯಂತ್ರಕವೆಂದು ನಂಬಬಾರದು. ಅನಿಲ ಕಾರಿನೊಳಗೆ ನುಗ್ಗಿದರೆ ಉಸಿರಾಟಕ್ಕೆ ಆಮ್ಲಜನಕ ಸಾಲದಾಗುತ್ತದೆ, ಚರ್ಮಕ್ಕೆ ಶೀತದ ಸುಟ್ಟಗಾಯವಾಗುತ್ತದೆ. ಆದುದರಿಂದ ಬಿಲ್ಲೆಯಿಂದ ಕಾರಿನ ಹೊರಕ್ಕೆ ಕೊಳವೆ ಹಾಕಿಸುವುದು ಅವಶ್ಯ.

ಹೀಟರ್ ಕೆಟ್ಟಿತೆಂದು ಬಾಟಲಿಗೆ ಬೆಂಕಿಯ ಜ್ವಾಲೆ ಹಿಡಿಯುವುದನ್ನು ಎಂದೂ ಮಾಡಬಾರದು. ಜ್ವಾಲೆ ಅಲ್ಯೂಮಿನಿಯಂ ಲೋಹವನ್ನು ದುರ್ಬಲಗೊಳಿಸುತ್ತದೆ. ಅತಿಯಾಗಿ ಕಾದ ನೈಟ್ರಸ್ ತಾನೇ ವಿಭಜನೆಗೊಂಡು ಇನ್ನಷ್ಟು ಶಾಖವನ್ನು ಹೊಮ್ಮಿಸಬಲ್ಲದು. ಒತ್ತಡ ಮಿತಿಮೀರಿದ್ದು ಕಂಡರೆ ದೂರದಿಂದ ವಿದ್ಯುತ್ ಕಡಿದು, ಎಲ್ಲರೂ ಸರಿದು, ಬಾಟಲಿ ತಾನಾಗಿ ತಣಿಯಲು ಬಿಡಬೇಕು.

ಯಾವ ದೋಷವನ್ನು ಸರಿಪಡಿಸಿದರೂ ಕೊನೆಯ ಪರೀಕ್ಷೆ ಒಂದೇ. ಎಂಜಿನ್ನಿನ ಕಡೆಯ ನೈಟ್ರಸ್ ಸ್ವಿಚ್ ಆರಿಸಿ, ಬಾಟಲಿಯ ಕವಾಟ ತೆರೆದು, ಮಾಪಕದ ಮುಂದೆ ನಿಂತು, ನಿಗದಿತ ಒತ್ತಡದಲ್ಲಿ ಹೀಟರ್ ತಾನಾಗಿ ಆರುವುದನ್ನು ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ದುರಸ್ತಿ ಮುಗಿದಂತಲ್ಲ. ಮುಗಿದ ಮೇಲೂ ಹೀಟರನ್ನು ಹಚ್ಚಿಟ್ಟು ಕಾರನ್ನು ಬಿಟ್ಟು ಹೋಗಬಾರದು.