ಮೂಢಗರ್ಭವೂ ಅಸ್ಥಾನಗರ್ಭವೂ

ಧಾರವಾಡದ ಮಾಳಮಡ್ಡಿಯಿಂದ ಹುಬ್ಬಳ್ಳಿಯ ವೈದ್ಯಕೀಯ ಮಹಾವಿದ್ಯಾಲಯಕ್ಕೆ 20 ಕಿ.ಮೀ.ಗೆ ಸಮೀಪದ ದಾರಿ. ಗರ್ಭನಾಳವು ಒಡೆದು ಉದರದೊಳಗೆ ರಕ್ತ ಸುರಿಯುತ್ತಿರುವ ಸ್ತ್ರೀಗೆ ಅದೂ ದೀರ್ಘವೇ. ಗರ್ಭವು ಗರ್ಭಾಶಯದ ಹೊರಗೆ, ಬಹುಮಟ್ಟಿಗೆ ನಾಳದಲ್ಲಿ, ನೆಲೆಗೊಳ್ಳುವ ಈ ಸ್ಥಿತಿಯನ್ನು ಅಸ್ಥಾನಗರ್ಭವೆನ್ನಬಹುದು. ಪ್ರಾಚೀನ ವೈದ್ಯಗ್ರಂಥಗಳನ್ನು ಓದುವವರಿಗೆ ಇದನ್ನು ಸುಶ್ರುತನ ಮೂಢಗರ್ಭದೊಡನೆ ಒಂದಾಗಿಸುವ ಮನಸ್ಸಾಗುವುದು ಸಹಜ. ಆದರೆ ಅದು ಯುಕ್ತವಲ್ಲ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮೂಢಗರ್ಭಕ್ಕೆ ಕೀಲ, ಪ್ರತಿಖುರ, ಬೀಜಕ, ಪರಿಘ ಎಂಬ ಭೇದಗಳು ಬರುತ್ತವೆ. ಕೀಲದಲ್ಲಿ ಕೈಕಾಲು ತಲೆಗಳು ಮೇಲಾಗಿ ಶಿಶುವು ಬೆಣೆಯಂತೆ ದಾರಿಯನ್ನು ತಡೆಯುತ್ತದೆ. ಪರಿಘದಲ್ಲಿ ಬಾಗಿಲಿನ ಅಗುಳಿಯಂತೆ ಅಡ್ಡಬೀಳುತ್ತದೆ. ಇವೆಲ್ಲ ಪ್ರಸವಮಾರ್ಗದ ಅವರೋಧಗಳೇ ಹೊರತು ಸ್ಥಾನಭ್ರಂಶಗಳಲ್ಲ. ಒಣಗಿ, ಮಿಸುಕದೆ ಬಹುಕಾಲ ನಿಲ್ಲುವ ಚರಕನ ನಾಗೋದರವು ಇದಕ್ಕಿಂತ ಹತ್ತಿರದ್ದೆಂದು ತೋರೀತು. 1582ರಲ್ಲಿ ಫ್ರಾನ್ಸಿನ ಸಾನ್ಸ್ ನಗರದಲ್ಲಿ 68 ವರ್ಷದ ಸ್ತ್ರೀಯೊಬ್ಬಳ ಶವದಲ್ಲಿ, 28 ವರ್ಷಗಳಿಂದ ಉಳಿದಿದ್ದ ಶಿಲಾಗರ್ಭವು ದೊರೆತುದುಂಟು. ಆದರೂ ಗರ್ಭಾಶಯದ ಹೊರಗೆ ಎಂಬ ನಿರ್ದೇಶವು ನಾಗೋದರದ ಲಕ್ಷಣದಲ್ಲಿಲ್ಲ. ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವೇ ಮೊದಲಾದ ಕನ್ನಡ ವೈದ್ಯಗ್ರಂಥಗಳಿಗೆ ಅರ್ಥ ಬರೆಯುವವರು ಈ ಭೇದವನ್ನು ಮರೆಯಲಾಗದು. ಮರೆತರೆ, ಹೆಸರಿಲ್ಲದ ವ್ಯಾಧಿಯಿಂದ ಸತ್ತವರ ಚರಿತ್ರೆಯೇ ಅಳಿಸಿಹೋಗುತ್ತದೆ.

ಆ ಚರಿತ್ರೆಯು ಭೀಕರವಾದುದು. 1876ರಲ್ಲಿ ಅಮೆರಿಕದ ಜಾನ್ ಪ್ಯಾರಿ ಸಂಗ್ರಹಿಸಿದ 500 ಪ್ರಸಂಗಗಳಲ್ಲಿ 336 ಸ್ತ್ರೀಯರು ಮೃತರಾಗಿದ್ದರು. 1881ರಲ್ಲಿ ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟನನ್ನು ಇಂತಹ ಒಬ್ಬಳಿಗೆ ಶಸ್ತ್ರಕ್ರಿಯೆ ಮಾಡೆಂದು ಬೇರೊಬ್ಬ ವೈದ್ಯನು ಕೇಳಿಕೊಂಡನು. ಟೇಟನು ಒಪ್ಪಲಿಲ್ಲ, ಅವಳು ಸತ್ತಳು. ಶವಪರೀಕ್ಷೆಯಲ್ಲಿ ಒಡೆದ ನಾಳವನ್ನು ಕಂಡಾಗ, ಅದನ್ನು ಕಟ್ಟಿ ಕತ್ತರಿಸಿದ್ದರೆ ಅವಳು ಉಳಿಯಬಹುದಿತ್ತೆಂಬುದು ಅವನಿಗೆ ಮನವರಿಕೆಯಾಯಿತು. 1883ರಲ್ಲಿ ಅದೇ ಕ್ರಮದಿಂದ ಒಬ್ಬಳನ್ನು ಉಳಿಸಿದನು. ಧೀರನೆಂದು ಅವನನ್ನು ಹೊಗಳುವವರು ಮೊದಲಿನ ನಿರಾಕರಣೆಯನ್ನೂ ಹೇಳಬೇಕು.

ಒಡೆಯುವ ಮುನ್ನವೇ ಗುರುತಿಸುವುದು 20ನೆಯ ಶತಮಾನದ ಕೆಲಸ. 1927ರಲ್ಲಿ ಆಶ್‌ಹೈಮ್ ಮತ್ತು ಝೊಂಡೆಕ್ ಗರ್ಭಿಣಿಯ ಮೂತ್ರದಲ್ಲಿ ಗರ್ಭಸೂಚಕ ಸ್ರಾವವನ್ನು ಕಂಡರು. ಹುಬ್ಬಳ್ಳಿಯ ಮಹಾವಿದ್ಯಾಲಯವು 1957ರಲ್ಲಿ ಪ್ರಾರಂಭವಾಯಿತು; ಅದರ ಮರುವರ್ಷವೇ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಶ್ರವಣಾತೀತ ಧ್ವನಿಯಿಂದ ಉದರವನ್ನು ಪರೀಕ್ಷಿಸುವ ಕ್ರಮವನ್ನು ಪ್ರಕಟಿಸಿದನು. ಗರ್ಭಾಶಯದ ಭಿತ್ತಿಯೊಳಗೆ ಹಾಯುವ ನಾಳಭಾಗದಲ್ಲಿ ನೆಲೆಸುವ ಗರ್ಭವು ವಿರಳ. ಸುತ್ತಲಿನ ಮಾಂಸವು ಹಿಗ್ಗುವುದರಿಂದ ಅದು ತಡವಾಗಿ ಒಡೆದು, ಹೆಚ್ಚು ರಕ್ತವನ್ನು ಸುರಿಸುತ್ತದೆ. ಜಪಾನಿನ ತನಾಕಾ ಮತ್ತು ಸಂಗಡಿಗರು 1982ರಲ್ಲಿ ಮೆಥೊಟ್ರೆಕ್ಸೇಟ್ ಎಂಬ ಔಷಧದಿಂದ ಶಮನಗೊಳಿಸಿದ್ದು ಇಂತಹುದೊಂದನ್ನೇ.